ವರ್ಷವಿಡೀ ಫ್ಯಾಂಟಸಿ ಓದಿ ಆಯ್ತು, ಅರ್ಥ್‌ಸೀ ಮುಂದುವರಿಸಲಾ?

ಪ್ರಶ್ನೆ: ಈ ವರ್ಷ ಪೂರ್ತಿ ಫ್ಯಾಂಟಸಿ, ಹದಿಹರೆಯದವರ ಕಾದಂಬರಿಗಳೇ. ಮೆಟ್ರೋದಲ್ಲಿ ಪಕ್ಕದವರು ಮುಖಪುಟದ ಡ್ರ್ಯಾಗನ್ ನೋಡಿ, ಆಮೇಲೆ ನನ್ನ ನರೆಗೂದಲು ನೋಡ್ತಾರೆ; ನೋಡ್ಲಿ ಬಿಡಿ. ಹೆಚ್ಚಿನವು ಒಂದೇ ಅಚ್ಚು: ಒಬ್ಬ ಹುಡುಗಿ, ಇಬ್ಬರು ಹುಡುಗರು, ಒಂದು ಸಿಂಹಾಸನ. ಮನಸ್ಸಲ್ಲಿ ಉಳಿದದ್ದು ಉರ್ಸುಲಾ ಲೆ ಗ್ವಿನ್‌ರ 1968ರ 'ಎ ವಿಝರ್ಡ್ ಆಫ್ ಅರ್ಥ್‌ಸೀ'. ಅಟ್ಟಿಸಿಕೊಂಡು ಬಂದ ನೆರಳನ್ನ ನಾಯಕ ಗೆಡ್ ತಾನೇ ಬೆನ್ನಟ್ಟೋ ಭಾಗ, ಅಬ್ಬಾ! ಈ ಸರಣಿಯ ಎರಡನೇ ಪುಸ್ತಕವೂ ಮುಗೀತು. ಮುಂದಿನವು ಹೇಗಿವೆ?

ಉತ್ತರ 1: ಓದಿ ಸರ್. ನಾಲ್ಕನೇದು, 1990ರ 'ತೆಹಾನು' ಬಿಡಲೇಬೇಡಿ. ಮಂತ್ರಶಕ್ತಿ ಕಳಕೊಂಡ ಗೆಡ್, ನಡುವಯಸ್ಸಿನ ವಿಧವೆ ಟೆನಾರ್. ಯುದ್ಧ ಇಲ್ಲ, ಮೇಕೆ ಕಾಯೋದಿದೆ.

ಉತ್ತರ 2: ರೀ, ಗೆಡ್ ಶಕ್ತಿ ಕಳಕೊಳ್ಳೋದು ಅಂತ ಮೂರನೇದರ ಗುಟ್ಟನ್ನೇ ಬಿಟ್ಟುಕೊಟ್ರಲ್ಲ! 2004ರ ಟಿವಿ ಸರಣಿ ಮಾತ್ರ ಬೇಡ. ಪುಸ್ತಕದ ಗೆಡ್ ಕೆಂಪು-ಕಂದು ಮೈಬಣ್ಣದವನು, ಅಲ್ಲಿ ಬಿಳಿಯ ನಟ. ಲೇಖಕಿಯೇ ಸಿಟ್ಟಾಗಿ ಬರೆದಿದ್ದರು.

ಪ್ರಶ್ನೆ ಕೇಳಿದವರು: ಗುಟ್ಟು ಹೋದ್ರೆ ಹೋಗ್ಲಿ. ಮೇಕೆ ಅಂದ್ರಲ್ಲ, ಆರ್ಡರ್ ಹಾಕಿದೆ.