ಹೊಸ ಟರ್ನ್‌ಟೇಬಲ್‌ನಲ್ಲಿ 78ರ ಪ್ಲೇಟು: ಕರಕರ ಸದ್ದು, ಮಂಕಾದ ದನಿ. ಪರಿಹಾರವೇನು?

ಪ್ರಶ್ನೆ (ಬಸವನಗುಡಿ):

ನಮಸ್ಕಾರ. ನಮ್ಮ ಅಜ್ಜನವರು ಕೂಡಿಟ್ಟಿದ್ದ ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಗ್ರಾಮಫೋನ್ ಪ್ಲೇಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದೇನೆ. ಹೆಚ್ಚಿನವು ರಂಗಗೀತೆಗಳು, ಕೆಲವು ಕರ್ನಾಟಕ ಸಂಗೀತದ ಗಾಯನ. ನನ್ನ ಯುಎಸ್‌ಬಿ ಟರ್ನ್‌ಟೇಬಲ್‌ನಲ್ಲಿ 33 ಮತ್ತು 45ರ ವೇಗ ಮಾತ್ರ ಇರುವುದರಿಂದ 45ರಲ್ಲಿ ನುಡಿಸಿ, ರೆಕಾರ್ಡ್ ಮಾಡಿ, ಆಮೇಲೆ ಆಡಾಸಿಟಿ ಎಂಬ ಆಡಿಯೋ ಸಾಫ್ಟ್‌ವೇರ್‌ನಲ್ಲಿ 78ಕ್ಕೆ ಏರಿಸುತ್ತೇನೆ. ಹಾಡು ಕೇಳಿಸುತ್ತದೆ, ಆದರೆ ಹಪ್ಪಳ ಕರಿಯುವಂಥ ಸದ್ದು ಅದನ್ನು ಮುಚ್ಚಿಬಿಡುತ್ತದೆ. ದನಿ ಮಂಕಾಗಿದೆ, ಹಿನ್ನೆಲೆಯಲ್ಲಿ ಗುಂಯ್ ಎನ್ನುವ ಶಬ್ದ ಬೇರೆ. ನಾಯ್ಸ್ ರಿಡಕ್ಷನ್ ಹೆಚ್ಚಿಸಿದರೆ ಸದ್ದಿನ ಜೊತೆಗೆ ತಬಲಾ, ಮೃದಂಗದ ಪೆಟ್ಟುಗಳೂ ಅಳಿಸಿಹೋಗುತ್ತವೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ (ಮಲ್ಲೇಶ್ವರ):

ಸಾಫ್ಟ್‌ವೇರನ್ನು ಸದ್ಯಕ್ಕೆ ಬದಿಗಿಡಿ, ಮೊದಲು ಮುಳ್ಳನ್ನು ನೋಡಿ. ಎಲ್‌ಪಿಗಾಗಿ (33ರ ವೇಗದ ವಿನೈಲ್ ಪ್ಲೇಟಿಗಾಗಿ) ಮಾಡಿದ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್. 78ರ ಅಗಲವಾದ ಗ್ರೂವ್‌ಗೆ (ಹಾಡು ಕೊರೆದಿರುವ ಗೆರೆಗೆ) ಬೇಕಾದದ್ದು ಸುಮಾರು 75 ಮೈಕ್ರಾನ್. ಸಣ್ಣ ಮುಳ್ಳು ಗ್ರೂವ್‌ನ ಗೋಡೆಗಳನ್ನು ಸರಿಯಾಗಿ ಹಿಡಿಯದೆ ತಳಕ್ಕಿಳಿದು, ಅಲ್ಲಿ ಹಲವು ದಶಕಗಳಿಂದ ಕೂತಿರುವ ಧೂಳನ್ನೂ ಹಳೆಯ ಉಕ್ಕಿನ ಮುಳ್ಳುಗಳು ಉದುರಿಸಿದ ಪುಡಿಯನ್ನೂ ಕೆರೆಯುತ್ತಾ ಹೋಗುತ್ತದೆ. ನಿಮ್ಮ ಕರಕರ ಸದ್ದಿನ ಬಹುಪಾಲು ಅದೇ ಎಂದು ನನ್ನ ಅಂದಾಜು. ಕಾರ್ಟ್ರಿಜ್ (ಮುಳ್ಳು ಕೂರುವ ಪುಟ್ಟ ಭಾಗ) ಆಡಿಯೋ-ಟೆಕ್ನಿಕಾ ಕಂಪನಿಯ ವಿಎಂ95 ಸರಣಿಯದಾಗಿದ್ದರೆ ಅದೇ ಸರಣಿಯಲ್ಲಿ 78ಕ್ಕೆಂದೇ ಇರುವ ಎಸ್‌ಪಿ ಮುಳ್ಳನ್ನು ಬದಲಾಯಿಸಿ ಹಾಕಬಹುದು. ಅದಕ್ಕೆ 5 ಗ್ರಾಂ ಭಾರ ಕೊಡಬೇಕು. ಆ ಮುಳ್ಳಿನಲ್ಲಿ ಎಲ್‌ಪಿಯನ್ನು ಮಾತ್ರ ಎಂದೂ ನುಡಿಸಬೇಡಿ.

ಪ್ಲೇಟನ್ನು ತೊಳೆಯುವಾಗ ಸ್ಪಿರಿಟ್ ಅಥವಾ ಆಲ್ಕೋಹಾಲ್ ಇರುವ ಯಾವ ದ್ರವವನ್ನೂ ತಾಗಿಸಬೇಡಿ, ಅರಗು ಅದರಲ್ಲಿ ಕರಗುತ್ತದೆ. ನಮ್ಮೂರಿನ ಬೋರ್‌ವೆಲ್ ನೀರು ಗಡಸು, ಒಣಗಿದ ಮೇಲೆ ಗ್ರೂವ್‌ನಲ್ಲಿ ಬಿಳಿ ಪದರ ಉಳಿಯುತ್ತದೆ. ಬ್ಯಾಟರಿ ಅಂಗಡಿಗಳಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್‌ಗೆ ಒಂದು ಹನಿ ಸೌಮ್ಯವಾದ ಸೋಪು ಬೆರೆಸಿ, ಮೃದುವಾದ ಬ್ರಷ್‌ನಿಂದ ಗ್ರೂವ್‌ನ ಉದ್ದಕ್ಕೂ ಉಜ್ಜಿ, ಬರೀ ಡಿಸ್ಟಿಲ್ಡ್ ವಾಟರ್‌ನಿಂದ ಜಾಲಿಸಿ. ಲೇಬಲ್ ನೆನೆಯಬಾರದು, ಪ್ಲೇಟನ್ನು ನೀರಿನಲ್ಲಿ ಮುಳುಗಿಸಿಡಲೂ ಬಾರದು.

ಮಂಕುತನಕ್ಕೆ ಕಾರಣ ಬೇರೆ. ನಿಮ್ಮ ಯಂತ್ರದೊಳಗಿನ ಫೋನೋ ಪ್ರೀಆಂಪ್ (ಮುಳ್ಳಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಭಾಗ), 1954ರಿಂದ ಬಳಕೆಗೆ ಬಂದ ಆರ್‌ಐಎಎ ಕರ್ವ್ ಎಂಬ ಏರಿಳಿತದ ನಿಯಮದಂತೆ 500 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು ಏರಿಸಿ, 2,122 ಹರ್ಟ್ಸ್‌ಗಿಂತ ಮೇಲಿನವನ್ನು ತಗ್ಗಿಸುತ್ತದೆ; ಆ ಕರ್ವ್‌ಗೆಂದು ಮಾಡದ ಹಳೆಯ ಪ್ಲೇಟಿನ ದನಿ ಇದರಿಂದ ಮಂಕಾಗುತ್ತದೆ. ನೀವು 45ರಿಂದ 78ಕ್ಕೆ ಏರಿಸಿದಾಗ ಆ ಗಡಿಗಳೂ ಏರಿ ಸುಮಾರು 870 ಮತ್ತು 3,680 ಹರ್ಟ್ಸ್‌ಗೆ ಹೋಗಿ ನಿಲ್ಲುತ್ತವೆ. ಗುಂಯ್ ಶಬ್ದದ ಕಥೆಯೂ ಅದೇ: ಕರೆಂಟಿನ 50 ಹರ್ಟ್ಸ್ ಹಮ್ 87ಕ್ಕೆ ಏರಿರುವುದರಿಂದ, 50ಕ್ಕೆ ಹಾಕಿದ ಫಿಲ್ಟರ್‌ಗೆ ಅದು ಸಿಕ್ಕುವುದಿಲ್ಲ. ಆದ್ದರಿಂದ ವೇಗವನ್ನು ಮುಟ್ಟುವ ಮೊದಲೇ ಹಮ್ ತೆಗೆಯಿರಿ, ಆಡಾಸಿಟಿಯ ಫಿಲ್ಟರ್ ಕರ್ವ್‌ನಲ್ಲಿ ಆರ್‌ಐಎಎಯನ್ನು ಆಯ್ದು ಇನ್ವರ್ಟ್ ಮಾಡಿ (ತಿರುಗುಮುರುಗು ಮಾಡಿ) ಅನ್ವಯಿಸಿ, ಆಮೇಲೆ ವೇಗ ಏರಿಸಿ. ಪ್ಲೇಟಿಗೆ ತಕ್ಕ ಕರ್ವ್ ಕೊಡುವುದು ಅದಾದ ಮೇಲೆ. ಎಚ್‌ಎಂವಿ ಕಂಪನಿಯ ಎಲೆಕ್ಟ್ರಿಕಲ್ (ಮೈಕ್ ಬಳಸಿ ಮಾಡಿದ) ರೆಕಾರ್ಡಿಂಗ್‌ಗಳಿಗೆ ಸುಮಾರು 250 ಹರ್ಟ್ಸ್‌ನಿಂದ ಕೆಳಗೆ ಬಾಸ್ ಏರಿಸಿ, ಟ್ರೆಬಲ್ ಅನ್ನು ಹಾಗೆಯೇ ಬಿಟ್ಟು ನೋಡಿ. 1925ಕ್ಕಿಂತ ಹಿಂದಿನ, ಕಹಳೆಯ ಮುಂದೆ ಹಾಡಿದ ಪ್ಲೇಟುಗಳಿಗೆ ಇಂಥ ಕರ್ವ್ ಇಲ್ಲವೇ ಇಲ್ಲ. ಅಲ್ಲಿ ಕಿವಿಯೇ ಪ್ರಮಾಣ.

ಇನ್ನೊಂದು ಮಾತು. ರೆಕಾರ್ಡ್ ಮಾಡುವಾಗ ಸ್ಟೀರಿಯೋದಲ್ಲೇ ಮಾಡಿ. ಎಡ, ಬಲ ಚಾನೆಲ್‌ಗಳನ್ನು ಕೂಡಿಸಿ ಮೊನೊ ಮಾಡಿದಾಗ ಮುಳ್ಳಿನ ಮೇಲೆ-ಕೆಳಗಿನ ಅಲುಗಾಟದಿಂದ ಬಂದ ಸದ್ದು ರದ್ದಾಗುತ್ತದೆ. ಆದರೆ ಅದಕ್ಕೂ ಮೊದಲು ಎರಡನ್ನೂ ಬಿಡಿಬಿಡಿಯಾಗಿ ಕೇಳಿ: ಒಂದು ಬದಿಯ ಗೋಡೆ ಹೆಚ್ಚು ಸವೆದಿದ್ದರೆ ಇನ್ನೊಂದನ್ನೇ ಉಳಿಸಿಕೊಳ್ಳುವುದು ಲೇಸು.

ಮರುಪ್ರಶ್ನೆ (ಬಸವನಗುಡಿ):

ಬಹಳ ಉಪಕಾರವಾಯಿತು ಸರ್. ಮುಳ್ಳಿಗೆ ಆರ್ಡರ್ ಹಾಕಿದ್ದೇನೆ. ಈಗಿರುವ ಫೈಲಿನಲ್ಲೇ ನೀವು ಹೇಳಿದ ಕ್ರಮ ಅನುಸರಿಸಿದಾಗ ಗುಂಯ್ ಶಬ್ದ ಹೋಯಿತು, ದನಿಯೂ ತಿಳಿಯಾಯಿತು. ಆದರೆ ಒಂದು ರಂಗಗೀತೆಯ ಶ್ರುತಿ ಹಾರ್ಮೋನಿಯಂನ ಎರಡು ಮನೆಗಳ ನಡುವೆ ಬೀಳುತ್ತಿದೆ. ವೇಗವೇ ತಪ್ಪಿದೆಯೇ?

ಉತ್ತರ (ಮಲ್ಲೇಶ್ವರ):

ಇರಬಹುದು. 78 ಎನ್ನುವುದು ಹೆಸರಿಗೆ ಮಾತ್ರ. ಹಳೆಯ ಪ್ಲೇಟುಗಳಲ್ಲಿ ಎಪ್ಪತ್ತರ ಆಸುಪಾಸಿನಿಂದ ಎಂಬತ್ತು ದಾಟಿದ ವೇಗಗಳೂ ಇವೆ. 50 ಹರ್ಟ್ಸ್ ವಿದ್ಯುತ್ ಇರುವ ದೇಶಗಳಲ್ಲಿ ಸ್ಟ್ರೋಬ್ (ಮಿನುಗುವ ದೀಪದಲ್ಲಿ ಗೆರೆಗಳನ್ನು ನೋಡಿ ವೇಗ ಅಳೆಯುವ ವಿಧಾನ) ಲೆಕ್ಕಕ್ಕೆ ಬರುವ ವೇಗ 77.92, ಅಮೆರಿಕದಲ್ಲಿ 78.26. ಈ ವ್ಯತ್ಯಾಸ ಕಿವಿಗೆ ತಿಳಿಯುವಷ್ಟು ದೊಡ್ಡದಲ್ಲ, ನಿಮ್ಮದು ಅದಕ್ಕಿಂತ ಹೆಚ್ಚಿನದು. ಪ್ಲೇಟಿನಲ್ಲೇ ಹಾರ್ಮೋನಿಯಂ ನುಡಿಯುತ್ತಿದ್ದರೆ ಅದರ ಸ್ವರ ಹತ್ತಿರದ ಮನೆಗೆ ಕೂರುವ ತನಕ ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಸರಿಸಿ, ಜೊತೆಗೆ ದನಿ ಸಹಜವಾಗಿದೆಯೇ ಎಂದೂ ಗಮನಿಸಿ. ಆ ಕಾಲದ ಪೆಟ್ಟಿಗೆಗಳೆಲ್ಲ ಇಂದಿನ ಶ್ರುತಿಗೇ ಇದ್ದವು ಎನ್ನಲಾಗದು, ಹಾಗಾಗಿ ಇದು ಸಾಕ್ಷಿಯೇ ಹೊರತು ತೀರ್ಪಲ್ಲ. ಬರೀ ಗಾಯನವಾದರೆ ಈ ಆಧಾರವೂ ಇರುವುದಿಲ್ಲ, ಏಕೆಂದರೆ ಪ್ರತಿ ಗಾಯಕರ ಆಧಾರ ಶ್ರುತಿ ಅವರವರದು.

ಅದಕ್ಕಾಗಿಯೇ 24 ಬಿಟ್, 96 ಕಿಲೋಹರ್ಟ್ಸ್‌ನ ಮೂಲ ವೇವ್ ಫೈಲನ್ನು, ವೇಗವನ್ನೂ ಕರ್ವ್ ಅನ್ನೂ ಮುಟ್ಟದೆ, ಬೇರೆಯಾಗಿ ಕಾಪಾಡಿಡಿ. ಲೇಬಲ್‌ನ ಫೋಟೋವನ್ನೂ, ಅದರ ಹೊರಗೆ ಅರಗಿನಲ್ಲಿ ಮೂಡಿರುವ ಮ್ಯಾಟ್ರಿಕ್ಸ್ ಸಂಖ್ಯೆಯನ್ನೂ (ಆ ರೆಕಾರ್ಡಿಂಗ್‌ಗೆ ಕಂಪನಿ ಕೊಟ್ಟ ಗುರುತಿನ ಸಂಖ್ಯೆ) ಅದೇ ಫೋಲ್ಡರ್‌ನಲ್ಲಿ ಇಡಿ. ಪ್ಲೇಟು ಯಾವ ಕಾಲದ್ದೆಂದು ಅದರಿಂದ ಗೊತ್ತಾದರೆ ವೇಗವನ್ನೂ ಕರ್ವ್ ಅನ್ನೂ ಆಗ ಮತ್ತೆ ಸರಿಪಡಿಸಿಕೊಳ್ಳಬಹುದು.