600 ಎಂಎಂನಲ್ಲಿ ತೆಗೆದ ಪ್ಲೇನ್ ಎಲ್ಲಾ ಮೊಬ್ಬು ಮೊಬ್ಬು, ಲೆನ್ಸ್ ಹೋಗಿದ್ಯಾ? ಹೆಲ್ಪ್ ಮಾಡಿ

ರೆಕ್ಕೆಪುಕ್ಕ:
ಎಲ್ರಿಗೂ ನಮಸ್ಕಾರ. ತಲೆ ಕೆಟ್ಟೋಗಿದೆ, ಯಾರಾದ್ರೂ ದಾರಿ ತೋರಿಸಿ. ಇಎಂಐ ಹಾಕಿಸ್ಕೊಂಡು ದೊಡ್ಡ ಲೆನ್ಸ್ ತಗೊಂಡಿದ್ದೇ ಪ್ಲೇನ್‌ಗೋಸ್ಕರ, ಒಂದು ಫೋಟೋನೂ ಶಾರ್ಪ್ ಬರ್ತಿಲ್ಲ. ಬಾಲದ ಹತ್ರ ಬರೆದಿರೋ ನಂಬರ್ ಓದಕ್ಕಾಗಲ್ಲ. ಶಟರ್ 1/2000 ಸೆಕೆಂಡ್ ಇಟ್ಟಿದೀನಿ, ಅಂದ್ರೆ ಕೈ ಅಲುಗಾಟ ಅಲ್ಲ. ಸರ್ವಿಸ್ ಸೆಂಟರ್‌ಗೆ ಕೊಟ್ರೆ ಸುಮ್ನೆ ಇಟ್ಕೊಂಡು ಎಲ್ಲಾ ಓಕೆ ಅಂತ ವಾಪಸ್ ಕೊಟ್ರು, ಏನ್ ಟೆಸ್ಟ್ ಮಾಡಿದ್ರಿ ಅಂದ್ರೆ ಉತ್ತರಾನೇ ಇಲ್ಲ. ಇದು ಕೆಟ್ಟ ಪೀಸೇ ಅಲ್ವಾ? ಬದಲಾಯಿಸಿ ಕೊಡಿ ಅಂತ ಹೇಗೆ ಕೇಳೋದು?

ಅಪರ್ಚರ್_ಅಣ್ಣ:
ಬ್ಯಾಕ್ ಫೋಕಸ್, ಅಂದ್ರೆ ಫೋಕಸ್ ಪ್ಲೇನ್ ಬಿಟ್ಟು ಅದರ ಹಿಂದೆ ಬೀಳ್ತಿದೆ. ಕಣ್ಣು ಮುಚ್ಕೊಂಡು ಹೇಳ್ತೀನಿ. ಮೆನುವಿನಲ್ಲಿ ಎಎಫ್ (ಆಟೋ ಫೋಕಸ್) ಫೈನ್ ಟ್ಯೂನ್ ಇರುತ್ತೆ, ಅಲ್ಲಿ ಮೈನಸ್ ಕಡೆ ಸ್ವಲ್ಪ ಸ್ವಲ್ಪ ಸರಿಸ್ತಾ ಹೋಗಿ. ನನ್ನ 200-500 ಲೆನ್ಸ್‌ಗೂ ಇದೇ ಕಾಯಿಲೆ ಇತ್ತು.

ಟೈಲ್‌ನಂಬರ್:
ಯಾವ ಕ್ಯಾಮೆರಾ, ಯಾವ ಲೆನ್ಸ್, ಎಲ್ಲಿ ನಿಂತ್ಕೊಂಡು, ಎಷ್ಟೊತ್ತಿಗೆ? ಇದೇನೂ ಹೇಳ್ದೆ ಲೆನ್ಸ್ ಹೋಗಿದೆ ಅಂದ್ರೆ ನಾವೇನ್ ಹೇಳೋಣ ಸರ್. ಲೆನ್ಸ್ ಮುಂದೆ ಯುವಿ ಫಿಲ್ಟರ್ ಗಾಜು ಹಾಕಿದ್ರೆ ಮೊದಲು ಬಿಚ್ಚಿ.

ರೆಕ್ಕೆಪುಕ್ಕ:
ಏರ್‌ಪೋರ್ಟ್ ಹತ್ರನೇ ಮೇಡಂ, ಇನ್ನೆಲ್ಲಿ. ಫಿಲ್ಟರ್ ಇದೆ, ಅಂಗಡಿಯವರೇ ಹಾಕ್ಕೊಟ್ಟಿದ್ದು. ಧೂಳಿಗೆ ಬೇಕಲ್ವಾ?

ಓಲ್ಡ್_ಏರ್‌ಪೋರ್ಟ್_ರೋಡ್:
ಫಿಲ್ಟರ್ ಬಿಚ್ಬೇಡಿ. ಬೆಂಗಳೂರು ಧೂಳಲ್ಲಿ 95 ಎಂಎಂ ಮುಂದಿನ ಗಾಜು ಬರೀ ಮೈಲಿ ಬಿಡೋದು ಹುಚ್ಚುತನ. ನಾನು 2008ರ ಮೇ ತನಕ, ಅಂದ್ರೆ ಪ್ಯಾಸೆಂಜರ್ ಪ್ಲೇನ್‌ಗಳೆಲ್ಲಾ ಎಚ್‌ಎಎಲ್‌ನಲ್ಲೇ ಇಳೀತಿದ್ದ ಕಾಲದಲ್ಲಿ, ಫಿಲ್ಟರ್ ಹಾಕ್ಕೊಂಡೇ ತೆಗ್ದಿರೋದು, ಎಲ್ಲಾ ಶಾರ್ಪ್.

ಟೈಲ್‌ನಂಬರ್:
ಆಗ ನಿಮ್ಮ ತಲೆ ಮೇಲೇ ಹೋಗ್ತಿತ್ತು ಸರ್, 200 ಎಂಎಂ ಸಾಕಾಗ್ತಿತ್ತು. 600ರಲ್ಲಿ ಅಗ್ಗದ ಗಾಜು ಒಂದು ಸೇರಿಸಿದ್ರೂ ಕಾಣುತ್ತೆ. ಏಟು ತಪ್ಪಿಸೋಕೆ ಲೆನ್ಸ್ ತುದಿಗೆ ಹಾಕೋ ಹುಡ್ ಇದೆಯಲ್ಲ.

ಅಪರ್ಚರ್_ಅಣ್ಣ:
ಫಿಲ್ಟರ್ ವಿಷ್ಯ ಬಿಡ್ರಪ್ಪಾ. ಫೈನ್ ಟ್ಯೂನ್ ಮಾಡಿದ್ರಾ? ಒಂದು ಸ್ಕೇಲ್‌ನ ಓರೆಯಾಗಿಟ್ಟು ನಡುವಿನ ಗೆರೆಗೆ ಫೋಕಸ್ ಮಾಡಿ, ಹಿಂದಿನ ಗೆರೆ ಶಾರ್ಪ್ ಇದ್ರೆ ಬ್ಯಾಕ್ ಫೋಕಸ್ ಅಂತ ಗ್ಯಾರಂಟಿ.

ರೆಕ್ಕೆಪುಕ್ಕ:
ಮೆನು ಪೂರ್ತಿ ಹುಡುಕಿದೆ ಅಣ್ಣಾ, ಆ ಆಪ್ಷನ್ ಇಂದ ಏನೂ ಆಗ್ತಿಲ್ಲ. ಸೋನಿ ಎ6400, 200-600. ಜಕ್ಕೂರಿನ ಸಣ್ಣ ಏರ್‌ಪೋರ್ಟ್ ಹತ್ರ ತೆಗೆಯೋದು, ಬಳ್ಳಾರಿ ರೋಡಿನ ಈ ಕಡೆ ಫ್ರೆಂಡ್ ಮನೆ ಟೆರೇಸ್ ಮೇಲಿಂದ. ಮೂರನೇ ಫ್ಲೋರ್, ಅಡ್ಡ ಏನೂ ಬರಲ್ಲ. ತಿಂಡಿ ತಿಂದು ಹತ್ತು ಗಂಟೆಗೆ ಹೋಗಿ ಮಧ್ಯಾಹ್ನದ ತನಕ ಇರ್ತೀನಿ.

ಹೆಬ್ಬಾಳ_ಹದ್ದು:
ಇದನ್ನ ಮೊದಲೇ ಹೇಳಿದ್ರೆ ಇಷ್ಟೊತ್ತಿಗೆ ಮುಗ್ದೋಗ್ತಿತ್ತು. ಎ6400 ಮಿರರ್‌ಲೆಸ್, ಅಂದ್ರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ, ಸೆನ್ಸರ್ ಮೇಲೇ ಫೋಕಸ್ ಮಾಡುತ್ತೆ, ಅದಕ್ಕೂ ಫೈನ್ ಟ್ಯೂನ್‌ಗೂ ಸಂಬಂಧ ಇಲ್ಲ. ನಿಮ್ಮ ಲೆನ್ಸ್ ಚೆನ್ನಾಗೇ ಇದೆ. ಹಾಳಾಗಿರೋದು ಮಧ್ಯದಲ್ಲಿರೋ ಗಾಳಿ.

ಕಾದ ದೋಸೆ ಹೆಂಚಿನ ಮೇಲಿಂದ ಆಚೆ ಗೋಡೆ ನೋಡಿದ್ರೆ ಕುಣಿಯುತ್ತಲ್ಲ, ಅದೇ. ಬಿಸಿ ಗಾಳಿ ತಣ್ಣನೆ ಗಾಳಿ ಕಲೆಸ್ಕೊಂಡಾಗ ಬೆಳಕು ಒಂದೊಂದು ಕಡೆ ಒಂದೊಂದು ಥರ ಬಾಗುತ್ತೆ. ನಿಮ್ಮ ಟೆರೇಸ್ ಸಿಮೆಂಟು, ಆಮೇಲೆ ಸಾಲಾಗಿ ಶೀಟ್ ಮನೆಗಳು, ಆಮೇಲೆ ಡಾಂಬರು, ಎಲಿವೇಟೆಡ್ ರೋಡು, ಕೊನೆಗೆ ರನ್‌ವೇ. ಹತ್ತು ಗಂಟೆ ಬಿಸಿಲಿಗೆ ಇಷ್ಟೂ ಕಾದಿರುತ್ತೆ, ನಿಮ್ಮ ನೋಟ ಎಲ್ಲದರ ಮೇಲೂ ಹಾದು ಹೋಗ್ಬೇಕು. ಶಟರ್ 1/2000 ಅಲ್ಲ 1/4000 ಇಟ್ರೂ ಬಾಗಿದ ಬೆಳಕೇ ಫೋಟೋಗೆ ಬೀಳೋದು. ಲೆನ್ಸ್ ದುಡ್ಡಿಂದ ಇದನ್ನ ಗೆಲ್ಲಕ್ಕಾಗಲ್ಲ, ಹತ್ರ ಹೋಗ್ಬೇಕು ಇಲ್ಲಾ ಬೇಗ ಹೋಗ್ಬೇಕು.

ಕಂಡುಹಿಡಿಯೋದು ಸುಲಭ. ಒಂದೇ ಬರ್ಸ್ಟ್‌ನ (ಬಟನ್ ಒತ್ತಿ ಹಿಡಿದು ಸಾಲಾಗಿ ತೆಗೆದ) ಫ್ರೇಮ್‌ಗಳನ್ನ 100% ಝೂಮ್ ಮಾಡಿ ಒಂದಾದ ಮೇಲೊಂದು ನೋಡಿ. ಪ್ಲೇನ್ ನಂಬರ್ ಶುರುವಲ್ಲಿ ಇಂಗ್ಲಿಷಲ್ಲಿ ವಿಟಿ (VT) ಅಂತ ಬರೆದಿರುತ್ತಲ್ಲ, ಒಂದು ಫ್ರೇಮಲ್ಲಿ ಟಿ ಕಾಲು ನೆಟ್ಟಗಿದ್ದು ಮುಂದಿನದ್ರಲ್ಲಿ ನಡುವೆ ಸೊಟ್ಟ ಆಗಿದ್ರೆ, ರೆಕ್ಕೆಗೆ ಆಸರೆ ಕೊಟ್ಟಿರೋ ಕಂಬಿ ಅಲೆಅಲೆ ಆಗಿದ್ರೆ, ಅದು ಶಾಖ. ಕೈ ಅಲುಗಿದ್ರೆ ಅಂಚೆಲ್ಲಾ ಒಂದೇ ದಿಕ್ಕಿಗೆ ಎಳೆದಂಗಿರುತ್ತೆ. ಇನ್ನೂ ಅನುಮಾನ ಇದ್ರೆ ಬೆಳಿಗ್ಗೆ ಆರೂವರೆಗೆ ಅಂಗಳದಲ್ಲಿ ಟ್ರೈಪಾಡ್ ಹಾಕಿ ಇಪ್ಪತ್ತು ಮೀಟರ್ ದೂರದ ಬೈಕ್ ನಂಬರ್ ಪ್ಲೇಟ್ ತೆಗೀರಿ.

ಅಪರ್ಚರ್_ಅಣ್ಣ:
ಮಿರರ್‌ಲೆಸ್‌ನಲ್ಲೂ ಲೆನ್ಸ್ ಒಳಗಿನ ಗಾಜು ಓರೆ ಆಗಿರಬಹುದು ಗುರು, ಅದನ್ನ ಅಲ್ಲಗಳೆಯಕ್ಕಾಗಲ್ಲ.

ಹೆಬ್ಬಾಳ_ಹದ್ದು:
ಹಾಗಿದ್ರೆ ಫ್ರೇಮಿನ ಒಂದು ಕಡೆ ಮಾತ್ರ ಸಾಫ್ಟ್ ಬರುತ್ತೆ, ಪ್ರತಿ ಫೋಟೋದಲ್ಲೂ ಅದೇ ಕಡೆ. ನಂಬರ್ ಪ್ಲೇಟ್ ಟೆಸ್ಟಲ್ಲಿ ಅದೂ ಗೊತ್ತಾಗುತ್ತೆ.

ಓಲ್ಡ್_ಏರ್‌ಪೋರ್ಟ್_ರೋಡ್:
ಜಕ್ಕೂರಲ್ಲಿ ಏನಿದೆ ಅಂತ, ಟ್ರೈನಿಂಗ್‌ನ ಸಣ್ಣ ಸೆಸ್ನಾ ಪ್ಲೇನ್ ಅಷ್ಟೇ. ಎಚ್‌ಎಎಲ್ ಕಡೆ ಬನ್ನಿ, ಧ್ರುವ್, ತೇಜಸ್ ಎಲ್ಲಾ ಸಿಗುತ್ತೆ.

ಟೈಲ್‌ನಂಬರ್:
ಸರ್, ದಯವಿಟ್ಟು ಹೊಸಬರಿಗೆ ಈ ಸಲಹೆ ಕೊಡ್ಬೇಡಿ. ಎಚ್‌ಎಎಲ್, ಯಲಹಂಕ ಎರಡೂ ಡಿಫೆನ್ಸ್ ಜಾಗ. ಯಲಹಂಕಕ್ಕೆ ಏರೋ ಇಂಡಿಯಾ ಟೈಮಲ್ಲಿ ಟಿಕೆಟ್ ತಗೊಂಡು ಹೋಗಿ ಮನಸಾರೆ ತೆಗೀರಿ. ಮತ್ತೆ ಸೆಸ್ನಾ ಅಷ್ಟೇ ಅಂತ ಯಾಕೆ ಅಂತೀರಾ, ಹುಡುಗ್ರು ಮೊದಲ ಸಲ ಒಬ್ಬೊಬ್ಬರೇ ಹಾರಿಸಿ ಇಳಿಸೋದನ್ನ ನೋಡೋಕೆ ಊರಲ್ಲಿ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಓಲ್ಡ್_ಏರ್‌ಪೋರ್ಟ್_ರೋಡ್:
ನಾನೇನು ಗೋಡೆ ಹತ್ತಿ ಅಂದ್ನಾ? 2025ರಲ್ಲಿ ಸು-57, ಎಫ್-35 ಫೈಟರ್ ಎರಡೂ ಒಂದೇ ಏರೋ ಇಂಡಿಯಾಗೆ ಬಂದಾಗ ಟಿಕೆಟ್ ತಗೊಂಡೇ ಹೋಗಿದ್ದೆ. ಕೈಯಲ್ಲಿ 500 ಪಿಎಫ್ ಲೆನ್ಸ್, ಝಡ್8 ಕ್ಯಾಮೆರಾ ಅಷ್ಟೇ, ಮೊನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಕೂಡ ಬೇಕಾಗ್ಲಿಲ್ಲ. ಮನೇಲಿ ಟೆರೇಸ್ ಮೇಲೆ ಪ್ಲೇನ್‌ಗಳು ಕಳಿಸೋ ಸಿಗ್ನಲ್ ಹಿಡಿಯೋ 1090 ಮೆಗಾಹರ್ಟ್ಸ್ ಆಂಟೆನಾ ಹಾಕಿ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ಗೆ ಕೊಟ್ಟಿದೀನಿ, ದೇವನಹಳ್ಳಿಗೆ ಇಳಿಯೋದೆಲ್ಲಾ ಫೋನಲ್ಲೇ ಕಾಣುತ್ತೆ.

ಅಪರ್ಚರ್_ಅಣ್ಣ:
ಯಾವ ಆಂಟೆನಾ ಸರ್? ಕೇಬಲ್ ಉದ್ದ ಎಷ್ಟು?

ರೆಕ್ಕೆಪುಕ್ಕ:
ಹೆಬ್ಬಾಳದ ಸರ್, ನಿಮ್ಗೆ ದೊಡ್ಡ ಥ್ಯಾಂಕ್ಸ್. ನಂಬರ್ ಪ್ಲೇಟ್ ಟೆಸ್ಟ್ ಮಾಡಿದೆ, ಸ್ಕ್ರೂ ಮೇಲಿನ ತುಕ್ಕೂ ಕಾಣ್ತಿದೆ! ಹಳೇ ಬರ್ಸ್ಟ್ ನೋಡಿದ್ರೆ ನೀವು ಹೇಳ್ದಂಗೇ ಟಿ ಕಾಲು ಕುಣಿತಿದೆ. ಬೆಳಿಗ್ಗೆ ಏಳಕ್ಕೆ ಅದೇ ಟೆರೇಸ್‌ಗೆ ಹೋದೆ, ಶಾರ್ಪ್ ಬಂತು, ಆದ್ರೆ ಎದುರುಬಿಸಿಲು, ಪ್ಲೇನ್ ಪೂರ್ತಿ ಕಪ್ಪು. ಇನ್ನೊಂದು, ಪ್ರೊಪೆಲ್ಲರ್ ನಿಂತೋದಂಗೆ ಕಾಣುತ್ತೆ, ಗಾಳಿಪಟದ ಥರ ಪ್ಲೇನ್‌ಗೆ ಜೀವಾನೇ ಇಲ್ಲ.

ಹೆಬ್ಬಾಳ_ಹದ್ದು:
ನೀವು ಪಶ್ಚಿಮದಲ್ಲಿ ನಿಂತು ಪೂರ್ವಕ್ಕೆ ನೋಡ್ತಿದೀರ, ಎದುರುಬಿಸಿಲು ಬರ್ದೇ ಇರುತ್ತಾ. ರನ್‌ವೇ 08/26, ಹೆಚ್ಚುಕಮ್ಮಿ ಪೂರ್ವ ಪಶ್ಚಿಮ. ಕಾಂಪೌಂಡ್ ಹೊರಗೆ ದಕ್ಷಿಣದ ಕಡೆ ಜಾಗ ನೋಡ್ಕೊಳ್ಳಿ, ವರ್ಷದ ಜಾಸ್ತಿ ದಿನ ಬಿಸಿಲು ಬೆನ್ನಿಗೆ ಬೀಳುತ್ತೆ. ಮಳೆಗಾಲದಲ್ಲಿ ಪಶ್ಚಿಮದ ಗಾಳಿ, ಆಗ ಜಾಸ್ತಿ 26, ಅಂದ್ರೆ ಪಶ್ಚಿಮಕ್ಕೆ ಮುಖ ಮಾಡಿ ಏರೋ ಇಳಿಯೋ ದಿಕ್ಕು, ಬಳಸ್ತಾರೆ, ಚಳಿಗಾಲದಲ್ಲಿ ಉಲ್ಟಾ. ಕಾರಿಂದ ಇಳಿದ ತಕ್ಷಣ ತೆಗೀಬೇಡಿ, ಹುಡ್ ಬಿಚ್ಚಿ ಲೆನ್ಸ್ ಸ್ವಲ್ಪ ಹೊತ್ತು ಹೊರಗಿನ ಗಾಳಿಗೆ ಹೊಂದ್ಕೊಳ್ಳಲಿ, ಹುಡ್ ಒಳಗೆ ಬಿಸಿ ಗಾಳಿ ಕೂತಿದ್ರೂ ಇದೇ ಕುಣಿತ.

ಟೈಲ್‌ನಂಬರ್:
ಪ್ರೊಪೆಲ್ಲರ್‌ಗೆ ನಾನು ಹೇಳ್ತೀನಿ. ಎಂಜಿನ್ ನಿಮಿಷಕ್ಕೆ 2300 ಸುತ್ತು ಅಂದ್ರೆ ಸೆಕೆಂಡಿಗೆ 38. 1/2000ರಲ್ಲಿ ಬ್ಲೇಡ್ 7 ಡಿಗ್ರಿ ತಿರುಗುತ್ತೆ ಅಷ್ಟೇ, ಅದಕ್ಕೇ ನಿಂತಂಗಿರೋದು. 1/80ಕ್ಕೆ ಇಳಿಸಿದ್ರೆ ಸುಮಾರು 170 ಡಿಗ್ರಿ, ಎರಡು ಬ್ಲೇಡ್ ಸೇರಿ ಪೂರ್ತಿ ಚಕ್ರ ಬರುತ್ತೆ. ಮೊದಲು 1/250 ಅಭ್ಯಾಸ ಆಗಲಿ, ಆಮೇಲೆ ಇಳಿಸ್ತಾ ಬನ್ನಿ. ಲೆನ್ಸ್ ಮೇಲಿನ ಸ್ವಿಚ್ ಮೋಡ್ 2ಕ್ಕೆ ಹಾಕಿ, ಅದು ಪ್ಯಾನಿಂಗ್‌ಗೇ, ಅಂದ್ರೆ ಓಡೋದರ ಜೊತೆ ಕ್ಯಾಮೆರಾ ತಿರುಗಿಸ್ತಾ ತೆಗೆಯೋಕೇ ಇರೋದು. ಎ6400 ಬಾಡಿಲಿ ಅಲುಗಾಟ ತಡೆಯೋ ಸ್ಟೆಬಿಲೈಸೇಷನ್ ಇಲ್ಲ, ಅದ್ರಿಂದ ಆ ಸ್ವಿಚ್ ಮರೀಬೇಡಿ. ಪ್ರಾಕ್ಟೀಸ್‌ಗೆ ಪ್ಲೇನ್ ಕಾಯಬೇಕಾಗಿಲ್ಲ, ಬಳ್ಳಾರಿ ರೋಡಲ್ಲಿ ವಾಯುವಜ್ರ ಬಸ್ ಬರ್ತಾನೇ ಇರುತ್ತೆ. ಸೊಂಟದಿಂದ ತಿರುಗಿ, ಬಟನ್ ಬಿಟ್ಟ ಮೇಲೂ ಬಸ್ ಜೊತೆಗೇ ಲೆನ್ಸ್ ಹೋಗ್ತಿರಲಿ.

ಓಲ್ಡ್_ಏರ್‌ಪೋರ್ಟ್_ರೋಡ್:
@ಅಪರ್ಚರ್_ಅಣ್ಣ ಕೇಬಲ್ ಆದಷ್ಟು ಚಿಕ್ಕದಿರಲಿ, ಉದ್ದ ಆದಷ್ಟೂ ಸಿಗ್ನಲ್ ಸೋರುತ್ತೆ. ಬೇರೆ ಥ್ರೆಡ್ ಶುರು ಮಾಡಿ, ಅಲ್ಲಿ ನನ್ನ ಸೆಟಪ್ ಫೋಟೋ ಹಾಕ್ತೀನಿ.