ಪದಚರ್ಚೆ: ‘ಸೀರಿಯಸ್ ವಯಲೆನ್ಸ್ ಡ್ಯೂಟಿ’ಗೆ ಕನ್ನಡ ಬೇಕು, ಇವತ್ತೇ

ಎಲ್ಲರಿಗೂ ನಮಸ್ಕಾರ.

ರಾತ್ರಿಯೊಳಗೆ ಒಂದು ಪದ ಬೇಕಾಗಿದೆ. ಇಂಗ್ಲೆಂಡಿನಲ್ಲಿರುವ ಕನ್ನಡ ಕುಟುಂಬಗಳಿಗೆ ಹಂಚುವ ಎರಡು ಪುಟದ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗುತ್ತದೆ. ಹೊಡೆದಾಟ, ಇರಿತ, ಕೊಲೆಗಳನ್ನು ಕಡಿಮೆ ಮಾಡಲು ಅಲ್ಲಿನ ಕೌನ್ಸಿಲ್ (ಊರಿನ ಆಡಳಿತ ನೋಡಿಕೊಳ್ಳುವ ಸ್ಥಳೀಯ ಸಂಸ್ಥೆ) ಮತ್ತು ಪೊಲೀಸರು ಹೇಗೆ ಜೊತೆಯಾಗಿ ಕೆಲಸ ಮಾಡುತ್ತಾರೆ ಎನ್ನುವುದು ವಿಷಯ.

ಹಿನ್ನೆಲೆ ಇಷ್ಟು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 2022ರಲ್ಲಿ ಒಂದು ಕಾಯ್ದೆ ಬಂತು. ಅದರ ಒಂದು ಭಾಗ 2023ರ ಜನವರಿ 31ರಿಂದ ಜಾರಿಯಲ್ಲಿದೆ. ಪೊಲೀಸರು, ಕೌನ್ಸಿಲ್, ಅಗ್ನಿಶಾಮಕ ದಳ, ಆರೋಗ್ಯ ಮಂಡಳಿ, ಪ್ರೊಬೇಷನ್ (ಶಿಕ್ಷೆಯಾಗಿ ಜೈಲಿನ ಹೊರಗಿರುವವರ ಮೇಲೆ ನಿಗಾ ಇಡುವ ಇಲಾಖೆ), ಹರೆಯದ ಅಪರಾಧಿಗಳನ್ನು ನೋಡಿಕೊಳ್ಳುವ ತಂಡ, ಎಲ್ಲರೂ ಒಟ್ಟಿಗೆ ಕೂರಬೇಕು. ತಮ್ಮ ಪ್ರದೇಶದಲ್ಲಿ ಹಿಂಸೆ ಎಲ್ಲಿ ಆಗುತ್ತಿದೆ, ಯಾಕೆ ಆಗುತ್ತಿದೆ ಎಂದು ಕಂಡುಕೊಳ್ಳಬೇಕು. ಅದನ್ನು ತಡೆಯುವ ಯೋಜನೆ ಬರೆದು ಪ್ರಕಟಿಸಬೇಕು. ಮಾಡಿದರೆ ಒಳ್ಳೆಯದು ಅನ್ನುವ ಸಲಹೆಯಲ್ಲ ಇದು, ಮಾಡಲೇಬೇಕು. ಇದರ ಹೆಸರೇ ‘ಸೀರಿಯಸ್ ವಯಲೆನ್ಸ್ ಡ್ಯೂಟಿ’.

ನನ್ನ ಕೈಗೆ ಬಂದ ಹಳೆಯ ಕರಡಿನ ತಲೆಬರಹ ಹೀಗಿತ್ತು: ‘ಗಂಭೀರ ಹಿಂಸಾ ಕರ್ತವ್ಯ: ಸ್ಥಳೀಯ ಅಧಿಕಾರಿಗಳು ಮತ್ತು ಪೊಲೀಸರ ಸಹಭಾಗಿತ್ವ’. ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. ಓದಿ, ‘ಇವರೆಲ್ಲ ಸೇರಿ ಯಾರಿಗೆ ಹಿಂಸೆ ಕೊಡ್ತಾರಂತೆ?’ ಅಂತ ಕೇಳಿದರು. ಅವರ ಮುಖದಲ್ಲಿ ನಿಜವಾದ ಗಾಬರಿ ಇತ್ತು. ಮಗನ ಬಗ್ಗೆ ಹೆದರಿಕೊಂಡ ತಾಯಿಯೊಬ್ಬಳು ಓದುವ ಕಾಗದ ಇದು. ಅದು ಅವಳನ್ನು ಇನ್ನಷ್ಟು ಹೆದರಿಸಬಾರದು ಅಲ್ವಾ? ದಯವಿಟ್ಟು ಸಹಾಯ ಮಾಡಿ.

—
ಮರು:

‘ಹಿಂಸಾ ಕರ್ತವ್ಯ’ ಅಂದರೆ ಹಿಂಸೆಯೇ ಕರ್ತವ್ಯ ಎಂದಾಗುತ್ತದೆ. ನಿಮ್ಮ ತಾಯಿ ಸಮಾಸವನ್ನು ಸರಿಯಾಗಿಯೇ ಬಿಡಿಸಿದ್ದಾರೆ. ‘ಗಂಭೀರ ಹಿಂಸಾನಿವಾರಣಾ ಕರ್ತವ್ಯ’ ಎಂದು ಹಾಕಿ. ಇಲ್ಲಿ ಚರ್ಚೆಗೆ ಏನೂ ಇಲ್ಲ.

—
ಮರು:

> ಇಲ್ಲಿ ಚರ್ಚೆಗೆ ಏನೂ ಇಲ್ಲ.

ಇದೆ. ‘ನಿವಾರಣಾ ಕರ್ತವ್ಯ’ ಎಂದು ಯಾವ ತಾಯಿ ಮಾತಾಡುತ್ತಾಳೆ? ‘ತಡೆ’ ಎನ್ನುವ ಎರಡಕ್ಷರದ ಪದ ನಮ್ಮಲ್ಲೇ ಇರುವಾಗ ನಾಲ್ಕಕ್ಷರ ಹೊರುವುದು ಯಾಕೆ? ‘ಕರ್ತವ್ಯ’ವೂ ಬೇಡ. ‘ಹೊಣೆ’ ಅನ್ನಿ.

ಹೊಣೆ ಹಳಗನ್ನಡದ ‘ಪೊಣೆ’. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ ಪೊಣೆ ಹೊಣೆಯಾಗಿದೆ. ಅದರ ಹಳೆಯ ಅರ್ಥ ಜಾಮೀನು. ತಮಿಳಿನ ‘ಪಿಣೈ’ಗೂ ಇದೇ ಅರ್ಥವಿದೆ. ಇನ್ನೊಬ್ಬರ ಪರವಾಗಿ ನಿಂತು, ತಪ್ಪಿದರೆ ನಾನು ತೆರುತ್ತೇನೆ ಎನ್ನುವುದು ಹೊಣೆ. ಕಾಯ್ದೆ ಕೌನ್ಸಿಲ್‌ನಿಂದ ಕೇಳುತ್ತಿರುವುದೂ ಇದನ್ನೇ. ಕರ್ತವ್ಯ ಅಂದರೆ ಬರೀ ಮಾಡಬೇಕಾದದ್ದು. ಇನ್ನು ‘ಡ್ಯೂಟಿ’ ಅಂತ ಹಾಗೇ ಬಿಟ್ಟರೆ ಜನ ಪಾಳಿ ಅಂದುಕೊಳ್ಳುತ್ತಾರೆ. ‘ಪೊಲೀಸರು ನೈಟ್ ಡ್ಯೂಟಿಯಲ್ಲಿದ್ದಾರೆ’ ಎನ್ನುವುದಿಲ್ಲವೇ, ಆ ಡ್ಯೂಟಿ.

ನನ್ನ ಸಲಹೆ: ‘ಹಿಂಸಾತಡೆ ಹೊಣೆ’.

—
ಮರು:

‘ಹಿಂಸಾತಡೆ’ ಅರಿಸಮಾಸ. ಸಂಸ್ಕೃತದ ‘ಹಿಂಸಾ’ಕ್ಕೆ ಕನ್ನಡದ ‘ತಡೆ’ ಅಂಟಿಸಿದ್ದೀರಿ. ವ್ಯಾಕರಣ ಬರೆದ ಕೇಶಿರಾಜನ ಕಾಲದಿಂದ ಇದು ದೋಷ. ಸಂಸ್ಕೃತ ಬೇಡ ಎನ್ನುವವರು ಕನ್ನಡದ ವ್ಯಾಕರಣವನ್ನಾದರೂ ಉಳಿಸಿಕೊಳ್ಳಬೇಕು.

—
ಮರು:

‘ಹಿಂಸೆ’ ಎಂದು ಎಕಾರಾಂತ ಮಾಡಿದರೆ ಅದು ಕನ್ನಡದ ಪದವೇ ಆಯಿತು, ಮಾಲಾ ಮಾಲೆಯಾದ ಹಾಗೆ. ‘ಹಿಂಸೆತಡೆ’ಯಲ್ಲಿ ಯಾವ ದೋಷವೂ ಇಲ್ಲ. ನಿಯಮವನ್ನು ಅರ್ಧ ಮಾತ್ರ ಹೇಳಬೇಡಿ.

ಆದರೆ ನನ್ನ ತಕರಾರು ‘ಹಿಂಸೆ’ಯ ಮೇಲೇ ಇದೆ. ದಿನದ ಮಾತಿನಲ್ಲಿ ಅದು ತುಂಬ ಸವೆದುಹೋಗಿದೆ. ‘ಈ ಹಲ್ಲುನೋವು ಹಿಂಸೆ ಆಗ್ತಿದೆ’, ‘ಸುಮ್ನೆ ಹಿಂಸೆ ಮಾಡಬೇಡ, ಹೋಗು’ ಎನ್ನುತ್ತೇವೆ. ಕಿರಿಕಿರಿಗೂ ಹಿಂಸೆ, ಮುಜುಗರಕ್ಕೂ ಹಿಂಸೆ. ರಕ್ತ ಹರಿಯುವ ವಿಷಯಕ್ಕೆ ಈ ಪದದ ಅಲಗು ಸಾಲದು. ‘ಹಲ್ಲೆ’ ಅನ್ನಿ. ಪತ್ರಿಕೆ ಓದುವ ಎಲ್ಲರಿಗೂ ತಕ್ಷಣ ತಿಳಿಯುತ್ತದೆ.

—
ಮರು:

ಹಲ್ಲೆ ಬೇಡ. ಕಾಯ್ದೆಯ ಪಠ್ಯ ಓದದೆ ಪದ ಹುಡುಕುತ್ತಿದ್ದೀರಿ.

ಆ ಕಾಯ್ದೆಯಲ್ಲಿ ‘ವಯಲೆನ್ಸ್’ ಅಂದರೆ ಮೈಮೇಲೆ ಕೈಮಾಡುವುದು ಮಾತ್ರ ಅಲ್ಲ. ಮನೆಯೊಳಗಿನ ದೌರ್ಜನ್ಯ, ಲೈಂಗಿಕ ಅಪರಾಧ, ಆಸ್ತಿ ಹಾಳು ಮಾಡುವುದು, ಹೊಡೆಯುತ್ತೇನೆ ಎಂದು ಬೆದರಿಸುವುದು ಎಲ್ಲವೂ ಸೇರುತ್ತವೆ. ಭಯೋತ್ಪಾದನೆ ಮಾತ್ರ ಸೇರುವುದಿಲ್ಲ. ಬಾಗಿಲಿಗೆ ಬಂದು ‘ನಾಳೆ ನೋಡ್ಕೊಳ್ತೀನಿ’ ಅಂದವನು ಹಲ್ಲೆ ಮಾಡಿಲ್ಲ. ಆದರೆ ಹಿಂಸೆ ಮಾಡಿದ್ದಾನೆ. ಹಾಗಾಗಿ ಹಿಂಸೆಯೇ ಇರಲಿ. ಸವೆದ ಪದಕ್ಕೆ ವಾಕ್ಯದೊಳಗೆ ಮತ್ತೆ ಮೊನೆ ಬರುತ್ತದೆ.

‘ಸೀರಿಯಸ್’ಗೂ ಇದೇ ಮಾತು. ಎಷ್ಟು ಗಂಭೀರ ಎಂದು ಅಳೆಯುವಾಗ ಆ ಅಪರಾಧಕ್ಕೆ ಎಷ್ಟು ಶಿಕ್ಷೆ ಇದೆ, ನೊಂದವರಿಗೆ ಏನಾಯಿತು, ಆ ಪ್ರದೇಶದಲ್ಲಿ ಅಂಥದ್ದು ಎಷ್ಟು ನಡೆಯುತ್ತಿದೆ, ಸುತ್ತಲಿನ ಜನರ ಮೇಲೆ ಏನು ಪರಿಣಾಮ ಆಯಿತು ಎಂದು ಅವರು ನೋಡಬೇಕು. ‘ತೀವ್ರ’ ಅಂದರೆ ಬರೀ ಏಟಿನ ಜೋರು. ‘ಗಂಭೀರ’ದಲ್ಲಿ ಈ ನಾಲ್ಕೂ ಹಿಡಿಸುತ್ತವೆ.

ಇನ್ನೊಂದು ಎಚ್ಚರಿಕೆ, ಇದು ಮುಖ್ಯ. ಕರಪತ್ರದ ಒಳಗೆ ‘ವಯಲೆನ್ಸ್ ರಿಡಕ್ಷನ್ ಯೂನಿಟ್’, ಅಂದರೆ ಹಿಂಸೆ ಕಡಿಮೆ ಮಾಡಲೆಂದೇ ಇರುವ ತಂಡದ ಹೆಸರು, ಬಂದೇ ಬರುತ್ತದೆ. ಅದನ್ನು ‘ಹಿಂಸಾ ಕಡಿತ ಘಟಕ’ ಎಂದು ಮಾತ್ರ ಬರೆಯಬೇಡಿ. ಕಡಿ ಅಂದರೆ ಕತ್ತರಿಸು, ಕಚ್ಚು. ಚಾಕು ಹಿಡಿದ ಹುಡುಗರ ಬಗ್ಗೆ ಬರೆದ ಕಾಗದದಲ್ಲಿ ‘ಕಡಿತ’ ಎಂದರೆ ಓದುವವರ ಮೈ ಜುಮ್ಮೆನ್ನುತ್ತದೆ. ‘ಇಳಿಸು’ ಅನ್ನಿ. ಹಿಂಸೆ ಇಳಿಸುವ ಘಟಕ. ಜ್ವರ ಇಳಿಯುತ್ತದೆ, ವಿಷ ಇಳಿಯುತ್ತದೆ, ಬಾವು ಇಳಿಯುತ್ತದೆ. ಈ ಪದದಲ್ಲಿ ಕಾಯಿಲೆಯ ನೆನಪಿದೆ, ಅಲ್ಲಿನ ಕೆಲಸದ ಹಿಂದಿರುವ ಯೋಚನೆಯೂ ಅದೇ. ಗ್ಲಾಸ್ಗೋದ ಪೊಲೀಸರು 2005ರಲ್ಲಿ ಇಂಥ ಘಟಕ ಕಟ್ಟಿದಾಗ ಹಿಂಸೆಯನ್ನು ಹರಡುವ ರೋಗದಂತೆ ನೋಡೋಣ ಎಂದೇ ಹೊರಟರು. ಮರುವರ್ಷ ಅದು ಇಡೀ ಸ್ಕಾಟ್ಲೆಂಡಿನದಾಯಿತು.

ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನ ಕಥೆ ಇನ್ನೂ ಹಳೆಯದು. ಜೊನಾಥನ್ ಶೆಫರ್ಡ್ ಎಂಬ ಬಾಯಿ ಮತ್ತು ದವಡೆಯ ಶಸ್ತ್ರವೈದ್ಯರು ಒಂದು ಸಂಗತಿ ಗಮನಿಸಿದರು. ಹೊಡೆತ ತಿಂದು ಆಸ್ಪತ್ರೆಗೆ ಬರುತ್ತಿದ್ದವರಲ್ಲಿ ಬಹಳ ಮಂದಿ ಪೊಲೀಸರ ಲೆಕ್ಕದಲ್ಲೇ ಇರಲಿಲ್ಲ. ಆಮೇಲೆ ತುರ್ತು ವಿಭಾಗದಲ್ಲಿ ಗಾಯಾಳುಗಳನ್ನು ಎಲ್ಲಿ, ಯಾವಾಗ, ಯಾವುದರಿಂದ ಎಂದು ಕೇಳಿ ಬರೆದುಕೊಳ್ಳುವುದು ಶುರುವಾಯಿತು. ಹೆಸರು ತೆಗೆದು ಆ ಮಾಹಿತಿಯನ್ನು ಪೊಲೀಸರಿಗೂ ಕೌನ್ಸಿಲ್‌ಗೂ ಕೊಟ್ಟರು. ಪೊಲೀಸರು ಗಸ್ತಿನ ಜಾಗ ಬದಲಿಸಿದರು. ಕೌನ್ಸಿಲ್ ಕೈಯಲ್ಲಿ ರಸ್ತೆ ಇದೆ, ಬಾರ್ ಪರವಾನಗಿ ಇದೆ, ಅಲ್ಲಿ ಬದಲಾವಣೆ ಆಯಿತು. 2011ರಲ್ಲಿ ಬಂದ ಅಧ್ಯಯನದ ಪ್ರಕಾರ, ಹಿಂಸೆಯಿಂದ ಗಾಯಗೊಂಡು ಆಸ್ಪತ್ರೆಗೆ ದಾಖಲಾಗುವವರು ಅಲ್ಲಿ ತಿಂಗಳಿಗೆ ಲಕ್ಷ ಜನರಲ್ಲಿ 7 ಇದ್ದದ್ದು 5ಕ್ಕೆ ಇಳಿಯಿತು. ಹೋಲಿಸಿ ನೋಡಿದ ಬೇರೆ ನಗರಗಳಲ್ಲಿ ಅದೇ ಹೊತ್ತಿಗೆ 5 ಇದ್ದದ್ದು 8ಕ್ಕೆ ಏರಿತು. ‘ಇಳಿಯಿತು’ ಎಂದು ನಾನೇ ಬರೆದಿದ್ದೇನೆ ನೋಡಿ, ಬೇರೆ ಪದ ಬಾಯಿಗೇ ಬರಲಿಲ್ಲ.

—
ಮರು:

ತಲೆಬರಹದ ಉಳಿದರ್ಧವನ್ನು ಯಾರೂ ನೋಡುತ್ತಿಲ್ಲ. ‘ಲೋಕಲ್ ಅಥಾರಿಟೀಸ್’ ಅನ್ನು ‘ಸ್ಥಳೀಯ ಅಧಿಕಾರಿಗಳು’ ಎಂದಿರುವುದು ತಪ್ಪು. ಅದು ಆಳುವ ಸಂಸ್ಥೆಯ ಹೆಸರು, ಮನುಷ್ಯರದ್ದಲ್ಲ. ‘ಪ್ರಾಧಿಕಾರ’ವೂ ಸಲ್ಲದು. ಆ ಪದ ಕೇಳಿದ ಕನ್ನಡಿಗರಿಗೆ ನಿವೇಶನ ಹಂಚುವ ಕಚೇರಿ ನೆನಪಾಗುತ್ತದೆ. ‘ಊರಾಳ್ವಿಕೆ’ ಎಂದು ಹಾಕಿ. ‘ಪೊಲೀಸ್’ ಬದಲು ‘ಕಾವಲುಪಡೆ’, ‘ಸಹಭಾಗಿತ್ವ’ ಬದಲು ‘ಕೂಡುಗೆಲಸ’. ಎಲ್ಲವೂ ಅಚ್ಚಗನ್ನಡ.

—
ಮರು:

ಊರಾಳ್ವಿಕೆ ಯಾರ ಬಾಯಲ್ಲೂ ಇಲ್ಲ. ಕಾವಲುಪಡೆ ಅಂದರೆ ಸೆಕ್ಯೂರಿಟಿ ಗಾರ್ಡುಗಳು. ಕೂಡುಗೆಲಸ ಮಾತ್ರ ಚೆನ್ನಾಗಿದೆ.

—
ಮರು:

ಪೊಲೀಸ್ ಪದವನ್ನು ಓಡಿಸುವ ಮೊದಲು ಅದರ ಮೂಲ ನೋಡಿ. ಗ್ರೀಕಿನ ‘ಪೊಲಿಸ್’ ಅಂದರೆ ನಗರ. ಅದರಿಂದ ‘ಪೊಲಿತೇಯ’, ಅಂದರೆ ನಗರದ ಆಡಳಿತ. ಲ್ಯಾಟಿನ್ ದಾಟಿ ಫ್ರೆಂಚಿನಲ್ಲಿ ‘ಪೊಲೀಸ್’ ಆದಾಗಲೂ ಮೊದಲು ಊರಿನ ವ್ಯವಸ್ಥೆ ನೋಡಿಕೊಳ್ಳುವುದು ಎಂದೇ ಅರ್ಥವಿತ್ತು. ಕೌನ್ಸಿಲ್ ಮಾಡುವ ಕೆಲಸ ಮತ್ತು ಪೊಲೀಸರು ಮಾಡುವ ಕೆಲಸ ಒಂದೇ ಪದದೊಳಗೆ ಇದ್ದವು, ಆಮೇಲೆ ಬೇರೆಯಾದವು. ಈ ಕಾಯ್ದೆ ಅವನ್ನು ಮತ್ತೆ ಒಂದೇ ಮೇಜಿಗೆ ತಂದು ಕೂರಿಸಿದೆ. ಇಂಥ ಪದವನ್ನು ತೆಗೆದು ‘ಆರಕ್ಷಕ’ ಎಂದು ಬೋರ್ಡ್ ಬರೆದರೆ ಏನು ಸಿಕ್ಕಿತು? ‘ಆರಕ್ಷಕ ಠಾಣೆ’ ಎನ್ನುತ್ತೀರಿ. ಆ ‘ಠಾಣೆ’ ಎಲ್ಲಿಂದ ಬಂತು?

—
ಮರು:

ಎಲ್ಲಿಂದಲೋ ಬಂತು ಎಂದು ಎಲ್ಲದಕ್ಕೂ ಬಾಗಿಲು ತೆಗೆದಿಡುವುದೇ? ಹೀಗೇ ಬಿಟ್ಟರೆ ಇನ್ನು ಐವತ್ತು ವರ್ಷಕ್ಕೆ ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಮಾತ್ರ ಉಳಿಯುತ್ತದೆ.

—
ಮರು:

ಪ್ರತ್ಯಯ ಉಳಿದಿರುವವರೆಗೆ ಅದು ಕನ್ನಡವೇ. ‘ಚಾಕು’ ಪಾರಸಿ ಕಡೆಯಿಂದ ಬಂತು. ‘ಚೂರಿ’ ಸಂಸ್ಕೃತದ ಛುರಿಕಾದಿಂದ ಬಂತು. ಇರಿಯುವ ವಸ್ತುವಿನ ಹೆಸರು ಎರಡೂ ಸಾಲ, ‘ಇರಿ’ ಮಾತ್ರ ನಮ್ಮದು. ‘ಚಾಕುವಿನಿಂದ ಇರಿದ’ ಎಂದರೆ ಯಾರಿಗಾದರೂ ಪರಭಾಷೆ ಅನಿಸುತ್ತದೆಯೇ?

—
ಮರು:

‘ಕತ್ತಿ’ ಇದೆ.

—
ಮರು:

ಕತ್ತಿ ಬೇರೆ, ಚಾಕು ಬೇರೆ. ಹುಡುಗರು ಜೇಬಿನಲ್ಲಿ ಕತ್ತಿ ಇಟ್ಟುಕೊಂಡು ಓಡಾಡುವುದಿಲ್ಲ. ಇಲ್ಲಿಗೆ ಸಾಕು, ಕೇಳಿದವರಿಗೆ ಹೊತ್ತಾಗುತ್ತಿದೆ.

—
ಮರು:

ಎಲ್ಲರಿಗೂ ತುಂಬ ಕೃತಜ್ಞತೆ. ಇಷ್ಟೊಂದು ಉತ್ತರ ಬರುತ್ತವೆ ಅಂದುಕೊಂಡಿರಲಿಲ್ಲ. ಈಗಷ್ಟೇ ಅಚ್ಚಿಗೆ ಕಳಿಸಿದೆ. ತಲೆಬರಹ ಹೀಗಿದೆ:

‘ಗಂಭೀರ ಹಿಂಸೆಯನ್ನು ತಡೆಯುವ ಹೊಣೆ: ಕೌನ್ಸಿಲ್ ಮತ್ತು ಪೊಲೀಸರ ಕೂಡುಗೆಲಸ’

ಸಮಾಸವನ್ನೇ ಬಿಟ್ಟುಬಿಟ್ಟೆ. ‘ಹಿಂಸೆಯನ್ನು ತಡೆಯುವ’ ಎಂದು ಬಿಡಿಸಿ ಬರೆದರೆ ಅರಿಸಮಾಸದ ಪ್ರಶ್ನೆಯೂ ಇಲ್ಲ, ಯಾರಿಗೆ ಹಿಂಸೆ ಎನ್ನುವ ಗಾಬರಿಯೂ ಇಲ್ಲ. ಒಂದು ಪದ ಜಾಸ್ತಿ ಆಯಿತು, ಆಗಲಿ. ‘ಕೌನ್ಸಿಲ್’ ಹಾಗೇ ಇಟ್ಟೆ. ಅಲ್ಲಿರುವ ಕನ್ನಡಿಗರು ಕಸಕ್ಕೂ, ತೆರಿಗೆಗೂ, ಮಗುವಿನ ಶಾಲೆಗೂ ‘ಕೌನ್ಸಿಲ್‌ಗೆ ಫೋನ್ ಮಾಡು’ ಎಂದೇ ಹೇಳುತ್ತಾರೆ. ಇದಕ್ಕೂ ಅವರು ಫೋನ್ ಮಾಡಬೇಕಾದದ್ದು ಅಲ್ಲಿಗೇ ಎಂದು ಗೊತ್ತಾಗಬೇಕು. ಒಳಪುಟದಲ್ಲಿ ‘ಹಿಂಸೆ ಇಳಿಸುವ ಘಟಕ’ ಎಂದಿದೆ. ಕಡಿತ ಎರಡು ಕಡೆ ಇತ್ತು, ಎರಡೂ ತೆಗೆದೆ. ಬೆದರಿಕೆಯೂ ಹಿಂಸೆಯೇ ಎಂದು ಒಂದು ಸಾಲು ಸೇರಿಸಿದ್ದೇನೆ. ಮೂಲದಲ್ಲಿ ಅದು ಇರಲಿಲ್ಲ, ಕೇಳಿ ಒಪ್ಪಿಗೆ ಪಡೆದೆ.

ಅಮ್ಮನಿಗೆ ಮತ್ತೆ ಓದಲು ಕೊಟ್ಟೆ. ಓದಿ, ‘ಹುಡುಗ ಚಾಕು ಇಟ್ಕೊಂಡಿದ್ದಾನೆ ಅಂತ ನಾನೇ ಹೇಳಿದರೆ ಅವನನ್ನ ಹಿಡ್ಕೊಂಡು ಹೋಗ್ತಾರಾ, ಇಲ್ಲ ಮಾತಾಡಿಸ್ತಾರಾ?’ ಅಂತ ಕೇಳಿದರು. ಅದಕ್ಕೆ ಕರಪತ್ರದಲ್ಲಿ ಉತ್ತರ ಇರಲಿಲ್ಲ. ಬರೆಸಿದವರಿಗೆ ಆ ಪ್ರಶ್ನೆಯನ್ನು ಹಾಗೇ ಕಳಿಸಿದ್ದೇನೆ.

—
ಮರು:

‘ಹೊಣೆ’ ಉಳಿಸಿದ್ದಕ್ಕೆ ಸಂತೋಷ. ‘ಕೌನ್ಸಿಲ್’ಗೆ ನನ್ನ ಒಪ್ಪಿಗೆ ಇಲ್ಲ.